ಗುಟ್ಟಿನ ರೂಟರ್, ಊರಿನ ಗಾಜಿನೆಳೆ

ಅರ್ಜಿ ಸಲ್ಲಿಸಲು ಕೊನೆಯ ದಿನ. ಆಳಂದವಾಗಲಿ, ಅಫಜಲಪುರವಾಗಲಿ, ಜೇವರ್ಗಿಯಾಗಲಿ, ಕಂಪ್ಯೂಟರ್ ಅಂಗಡಿಗಳ ಮುಂದೆ ಅಂದು ಕಾಣುವ ನೋಟ ಒಂದೇ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, 371 ಜೆ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದ ಮಕ್ಕಳು, ಹೊಲದ ಕೆಲಸ ಬಿಟ್ಟು ಜೊತೆಗೆ ಬಂದ ಹಿರಿಯರು. ಪರದೆಯ ಮೇಲೆ ಸಣ್ಣದೊಂದು ಚಕ್ರ ಸುತ್ತುತ್ತಲೇ ಇರುತ್ತದೆ. ಕೊನೆಗೆ ಅಂಗಡಿಯವನು, "ಸರ್ವರ್ ಡೌನ್ ಅದರೀ, ಸಂಜಿಗಿ ಬರ್ರಿ" ಎನ್ನುತ್ತಾನೆ.

ಆದರೆ ಪ್ರತಿ ಸಲವೂ ತಪ್ಪು ಸರ್ವರ್‌ನದೇ ಆಗಿರಬೇಕೆಂದಿಲ್ಲ. ಅರ್ಜಿ ಸ್ವೀಕರಿಸುವ ದೂರದ ಕಂಪ್ಯೂಟರ್ ನಿಂತಿರಬಹುದು. ಊರಿಗೆ ಬರುವ ಕೇಬಲ್ ಎಲ್ಲೋ ತುಂಡಾಗಿರಬಹುದು. ಇವೆರಡರ ನಡುವಿನ ಉದ್ದನೆಯ ದಾರಿಯ ಯಾವುದೋ ಕೂಡುರಸ್ತೆಯಲ್ಲಿ ನೂಕುನುಗ್ಗಲಾಗಿರಬಹುದು. ಆ ಕೂಡುರಸ್ತೆಗಳಲ್ಲಿ ನಿಂತು ಮಾಹಿತಿಗೆ ದಾರಿ ತೋರುವ ಯಂತ್ರಕ್ಕೆ ರೂಟರ್ ಎಂದು ಹೆಸರು. ಮನೆಯ ಮೂಲೆಯಲ್ಲಿ ಹಸಿರು ದೀಪ ಮಿಣುಕಿಸುವ ಅಂಗೈಯಗಲದ ಪೆಟ್ಟಿಗೆಯೂ ರೂಟರ್. ಖಂಡಖಂಡಗಳ ಸಂಚಾರವನ್ನು ಹೊತ್ತು ನಿಲ್ಲುವ, ಬೀರುವಿನಷ್ಟು ಎತ್ತರದ ಯಂತ್ರವೂ ರೂಟರ್.

ಅಂಥದೊಂದು ದೈತ್ಯ ರೂಟರ್ ಅಮೆರಿಕದಲ್ಲಿ ನಾಲ್ಕು ವರ್ಷ ಗುಟ್ಟಾಗಿ ಬೆಳೆಯಿತು. ಅದು ಹೊರಬರುವ ಮೊದಲೇ ಅದರ ಸುದ್ದಿ ಉದ್ಯಮದ ಬಾಯಿಗಳಲ್ಲಿ ಓಡಾಡಿತು. ಆ ಗುಟ್ಟಿನ ಕಥೆಯಲ್ಲಿ ವಿಜ್ಞಾನವಿದೆ, ವ್ಯಾಪಾರವಿದೆ, ಗಾಳಿಸುದ್ದಿಯನ್ನು ತೂಗಿ ನೋಡುವ ಪಾಠವೂ ಇದೆ.

ಪಿನ್ ಕೋಡ್ ಓದುವ ಯಂತ್ರ

ರೂಟರ್ ಮಾಡುವ ಕೆಲಸ ತಿಳಿಯಬೇಕಾದರೆ ಅಂಚೆಯವರ ಕೆಲಸ ನೆನೆದರೆ ಸಾಕು. ಮೈಸೂರಿನಲ್ಲಿ ಡಬ್ಬಿಗೆ ಬಿದ್ದ ಪತ್ರದ ಮೇಲೆ 585302 ಎಂದು ಬರೆದಿದೆ ಎನ್ನೋಣ. ಮೈಸೂರಿನ ಅಂಚೆಯವರಿಗೆ ಆಳಂದದ ಓಣಿಗಳು ಗೊತ್ತಿರಬೇಕಾಗಿಲ್ಲ. ಮೊದಲ ಮೂರು ಅಂಕಿ 585 ನೋಡಿದರೆ ಸಾಕು, ಪತ್ರ ಕಲಬುರಗಿಯ ಚೀಲಕ್ಕೆ ಬೀಳುತ್ತದೆ. ಕಲಬುರಗಿಯಲ್ಲಿ ಉಳಿದ ಅಂಕಿಗಳನ್ನು ನೋಡುತ್ತಾರೆ. 585301 ಆದರೆ ಅಫಜಲಪುರ, 585302 ಆದರೆ ಆಳಂದ, 585310 ಆದರೆ ಜೇವರ್ಗಿ. ಮುಂದೆ ಓಣಿ, ಮನೆಯ ಲೆಕ್ಕ ಆಯಾ ಊರಿನ ಅಂಚೆಯಣ್ಣನದು. ಯಾರೊಬ್ಬರಿಗೂ ಪೂರ್ತಿ ದಾರಿ ತಿಳಿದಿರಬೇಕಾಗಿಲ್ಲ. ಮುಂದಿನ ಹೆಜ್ಜೆ ಯಾವುದೆಂದು ತಿಳಿದಿದ್ದರಾಯಿತು.

ಇಂಟರ್‌ನೆಟ್ ನಡೆಯುವುದೂ ಹೀಗೆಯೇ. ಕಳುಹಿಸುವ ಚಿತ್ರ, ಧ್ವನಿ, ಅರ್ಜಿ ಯಾವುದೇ ಇರಲಿ, ಕಂಪ್ಯೂಟರ್ ಅದನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕತ್ತರಿಸುತ್ತದೆ. ಒಂದೊಂದು ತುಂಡಿಗೂ ಪ್ಯಾಕೆಟ್ ಎಂದು ಹೆಸರು. ಸಾಮಾನ್ಯವಾಗಿ ಒಂದು ಪ್ಯಾಕೆಟ್ 1500 ಬೈಟ್ ಮೀರುವುದಿಲ್ಲ. ಪ್ರತಿ ಪ್ಯಾಕೆಟ್‌ನ ನೆತ್ತಿಯ ಮೇಲೂ ತಲುಪಬೇಕಾದ ವಿಳಾಸ ಇರುತ್ತದೆ. ರೂಟರ್ ಆ ವಿಳಾಸ ಓದುತ್ತದೆ, ತನ್ನ ಬಳಿಯಿರುವ ಪಟ್ಟಿಯೊಡನೆ ಹೋಲಿಸುತ್ತದೆ, ಯಾವ ತಂತಿಯ ಮೇಲೆ ಬಿಡಬೇಕೆಂದು ತೀರ್ಮಾನಿಸಿ ಬಿಡುತ್ತದೆ. ಪಟ್ಟಿಯಲ್ಲಿ 585ಕ್ಕೂ ಒಂದು ದಾರಿ, 585302ಕ್ಕೆ ಬೇರೆಯೇ ಒಂದು ದಾರಿ ಇದ್ದರೆ? ಹೆಚ್ಚು ಅಂಕಿ ಹೊಂದುವ ದಾರಿಯೇ ಸರಿಯಾದದ್ದು. ರೂಟರ್ ಪಾಲಿಸುವ ಮುಖ್ಯ ನಿಯಮ ಇದೇ.

ಕೇಳಲು ಸುಲಭ. ಆದರೆ ಪಟ್ಟಿ ಎಷ್ಟು ದೊಡ್ಡದು? ಇಂಟರ್‌ನೆಟ್ಟಿನ ನಡುಮಧ್ಯದ ರೂಟರ್ ಬಳಿ 2004ರ ಸುಮಾರಿಗೆ ಒಂದು ಲಕ್ಷಕ್ಕೂ ಮಿಕ್ಕಿ ದಾರಿಗಳ ಪಟ್ಟಿ ಇರುತ್ತಿತ್ತು. ಈಗ ಅದು ಒಂಬತ್ತು ಲಕ್ಷ ಮೀರಿದೆ. ಪ್ರತಿಯೊಂದು ಪ್ಯಾಕೆಟ್ ಬಂದಾಗಲೂ ಈ ಪಟ್ಟಿಯಲ್ಲಿ ಹುಡುಕಬೇಕು, ಅದೂ ಕಣ್ಣು ಮಿಟುಕಿಸುವುದರ ಕೋಟಿಯ ಒಂದಂಶ ಹೊತ್ತಿನಲ್ಲಿ.

ಅಮರ್ಜಾ ಭೀಮೆಯನ್ನು ಸೇರಿದಂತೆ

ಆಳಂದ ತಾಲ್ಲೂಕಿನಿಂದ ಹರಿದು ಬರುವ ಅಮರ್ಜಾ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಆ ಭೀಮೆ ಮುಂದೆ ಜೇವರ್ಗಿಯ ಸೀಮೆಯಲ್ಲಿ ಸಾಗಿ ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ಹಳ್ಳಕ್ಕೆ ಸಣ್ಣ ಸೇತುವೆ ಸಾಕು, ಭೀಮೆಗೆ ದೊಡ್ಡ ಸೇತುವೆಯೇ ಬೇಕು. ಮಳೆ ಒಂದೇ ಆದರೂ ಕೆಳಗೆ ಹೋದಂತೆ ನೀರಿನ ಮೊತ್ತ ಬೆಳೆಯುತ್ತದೆ.

ಮಾಹಿತಿಯ ಹೊನಲೂ ಹೀಗೆ. ಒಂದು ಮನೆಯ ಮೊಬೈಲಿನ ಸಂಚಾರ ಹನಿ ಇದ್ದಂತೆ. ಊರಿನದು ಹಳ್ಳ, ತಾಲ್ಲೂಕಿನದು ಹೊಳೆ, ಬೆಂಗಳೂರು, ಮುಂಬೈಗಳಲ್ಲಿ ಕೂಡುವುದು ಮಹಾನದಿ. ಒಂದೇ ವ್ಯತ್ಯಾಸವೆಂದರೆ ಈ ನದಿ ಎರಡೂ ಕಡೆಗೆ ಹರಿಯುತ್ತದೆ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ದೂರವಾಣಿ ತಂತಿಯ ಮೇಲೆ ಸಾಮಾನ್ಯ ಚಂದಾದಾರನಿಗೆ ಸಿಗುತ್ತಿದ್ದ ವೇಗ ಸೆಕೆಂಡಿಗೆ 9.6 ಕಿಲೊಬಿಟ್. ಹತ್ತು ಸಾವಿರ ಬಿಟ್ಟಿಗೂ ಕಡಿಮೆ. ಇಂದು ಶಾಲಾ ಹುಡುಗನೊಬ್ಬ ಮೊಬೈಲಿನಲ್ಲಿ ಪಾಠದ ವಿಡಿಯೊ ನೋಡುವಾಗ ಅದರ ನೂರಾರು ಪಟ್ಟು ವೇಗ ಬೇಕಾಗುತ್ತದೆ. ಮನೆಮನೆಯ ಹನಿ ದೊಡ್ಡದಾದಾಗ ಸಂಗಮದ ಯಂತ್ರವೂ ದೊಡ್ಡದಾಗಲೇಬೇಕು. ಎಷ್ಟು ದೊಡ್ಡದು, ಎಷ್ಟು ಬೇಗ ಎಂಬುದೇ 1990ರ ದಶಕದ ಕೊನೆಯಲ್ಲಿ ಉದ್ಯಮದ ನಿದ್ದೆಗೆಡಿಸಿದ ಪ್ರಶ್ನೆ.

ನೂರು ದಿನಕ್ಕೆ ಎರಡು ಪಟ್ಟು?

ಆಗ ಒಂದು ಮಾತು ಹಬ್ಬಿತು. "ಇಂಟರ್‌ನೆಟ್ ಸಂಚಾರ ಪ್ರತಿ ನೂರು ದಿನಕ್ಕೆ ಎರಡು ಪಟ್ಟಾಗುತ್ತಿದೆ" ಎಂಬುದೇ ಆ ಮಾತು. ಇದನ್ನು ಕಂಪನಿಗಳು ಹೇಳಿದವು, ಪತ್ರಿಕೆಗಳು ಬರೆದವು, 1998ರಲ್ಲಿ ಅಮೆರಿಕ ಸರಕಾರದ ವರದಿಯಲ್ಲೂ ಅದು ಸೇರಿಕೊಂಡಿತು. ಮಾತಿನ ಮೂಲ ಹುಡುಕಿ ಅಂಕಿಅಂಶ ಅಳೆದು ನೋಡಿದವರಲ್ಲಿ ಗಣಿತಜ್ಞ ಆಂಡ್ರ್ಯೂ ಒಡ್ಲಿಜ್ಕೊ ಮುಖ್ಯರು. ಸಂಚಾರ ಬೆಳೆಯುತ್ತಿರುವುದು ನಿಜ, ಆದರೆ ಅದು ಸುಮಾರಾಗಿ ವರ್ಷಕ್ಕೆ ಎರಡು ಪಟ್ಟು ಎಂದು ಅವರೂ ಅವರ ಸಹೋದ್ಯೋಗಿಯೂ ತೋರಿಸಿದರು.

ನೂರು ದಿನಕ್ಕೂ ಒಂದು ವರ್ಷಕ್ಕೂ ಏನು ಮಹಾ ವ್ಯತ್ಯಾಸ ಎನ್ನಬೇಡಿ. ಘಾತಾಂಕದ ಲೆಕ್ಕ ಕಲಿತ ಪ್ರೌಢಶಾಲೆಯ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. ವರ್ಷಕ್ಕೆ ಎರಡು ಪಟ್ಟಾದರೆ ನಾಲ್ಕು ವರ್ಷದಲ್ಲಿ 16 ಪಟ್ಟು. ನೂರು ದಿನಕ್ಕೆ ಎರಡು ಪಟ್ಟಾದರೆ ನಾಲ್ಕು ವರ್ಷದಲ್ಲಿ ಹದಿನಾಲ್ಕಕ್ಕೂ ಹೆಚ್ಚು ಸಲ ಇಮ್ಮಡಿಯಾಗಿ, ಸುಮಾರು 25 ಸಾವಿರ ಪಟ್ಟು! ಹದಿನಾರಕ್ಕೆ ಕಟ್ಟಬೇಕಾದ ಸೇತುವೆಯನ್ನು ಇಪ್ಪತ್ತೈದು ಸಾವಿರಕ್ಕೆ ಕಟ್ಟಲು ಹೊರಟರೆ ಏನಾಗುತ್ತದೆ? ಸಾಲ ಮಾಡಿ ಸಾವಿರಾರು ಕಿಲೊಮೀಟರ್ ಗಾಜಿನೆಳೆಯ ಕೇಬಲ್ ಹೂಳಿದ ಕಂಪನಿಗಳು 2000ದ ನಂತರ ಒಂದರ ಹಿಂದೊಂದು ಮುಗ್ಗರಿಸಿದವು. ಅವುಗಳಲ್ಲಿ ದೊಡ್ಡದಾದ ವರ್ಲ್ಡ್‌ಕಾಮ್ 2002ರ ಜುಲೈಯಲ್ಲಿ ದಿವಾಳಿ ಅರ್ಜಿ ಹಾಕಿತು. ಷೇರಿಗೆ ಹಣ ಹಾಕಿದ್ದ ಸಾಮಾನ್ಯ ಜನರ ಉಳಿತಾಯ ನೀರಿನಲ್ಲಿ ಹೋಮವಾಯಿತು. ಯಾರೂ ಅಳೆಯದೆ ಒಪ್ಪಿಕೊಂಡ ಒಂದು ವಾಕ್ಯಕ್ಕೂ ಈ ಅನಾಹುತದಲ್ಲಿ ಪಾಲಿತ್ತು.

ಗುಟ್ಟೇಕೆ, ಗುಸುಗುಸುವೇಕೆ?

ಈ ಹುಮ್ಮಸ್ಸಿನ ಕಾಲದಲ್ಲೇ ಗುಟ್ಟಿನ ರೂಟರಿನ ಕಥೆ ಆರಂಭವಾಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಲಿಯೊನಾರ್ಡ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್ ದಂಪತಿ 1984ರಲ್ಲಿ ಕಟ್ಟಿದ ಸಿಸ್ಕೊ ಕಂಪನಿ ಆ ವೇಳೆಗೆ ರೂಟರ್ ವ್ಯಾಪಾರದ ಹಿರಿಯಣ್ಣನಾಗಿತ್ತು. ಅದಕ್ಕೆ ಸವಾಲು ಹಾಕಿದ್ದು ಜುನಿಪರ್. ಇದನ್ನು 1996ರಲ್ಲಿ ಸ್ಥಾಪಿಸಿದವರು ಕಾನ್ಪುರದ ಐಐಟಿಯಲ್ಲಿ ಓದಿದ ಭಾರತೀಯ ಪ್ರದೀಪ್ ಸಿಂಧು. 1998ರಲ್ಲಿ ಬಂದ ಜುನಿಪರ್‌ನ ಎಂ-40 ರೂಟರ್, ದಾರಿ ಹುಡುಕುವ ಕೆಲಸವನ್ನು ಅದಕ್ಕಾಗಿಯೇ ರೂಪಿಸಿದ ಚಿಪ್‌ಗಳಿಗೆ ಒಪ್ಪಿಸಿ ಎಲ್ಲರ ಹುಬ್ಬೇರಿಸಿತು. 2002ರಲ್ಲಿ ಅದರ ಇನ್ನೂ ದೊಡ್ಡ ಯಂತ್ರ ಟಿ-640 ಬಂತು.

ಹಿರಿಯಣ್ಣ ಸುಮ್ಮನೆ ಕೂತಿರಲಿಲ್ಲ. ಸಿಸ್ಕೊದೊಳಗೆ ಏನೋ ದೊಡ್ಡದು ತಯಾರಾಗುತ್ತಿದೆ, ಅದಕ್ಕೆ 'ಎಚ್.ಎಫ್.ಆರ್.' ಎಂಬ ಗುಪ್ತನಾಮವಿದೆ ಎಂದು ಉದ್ಯಮದಲ್ಲಿ ಮಾತು ಹಬ್ಬಿತು. ಅದು 'ಹ್ಯೂಜ್ ಫಾಸ್ಟ್ ರೂಟರ್', ಎಂದರೆ 'ಭಾರಿ ವೇಗದ ರೂಟರ್' ಎಂಬುದರ ಗಿಡ್ಡ ರೂಪ. ಎಷ್ಟು ದೊಡ್ಡದು? ಯಾವಾಗ ಬರುತ್ತದೆ? ಹಳೆಯ ಯಂತ್ರಗಳ ಗತಿಯೇನು? ದೂರಸಂಪರ್ಕ ಪತ್ರಿಕೆಗಳಿಗೂ ಷೇರುಪೇಟೆಯ ಪಂಡಿತರಿಗೂ ಊಹೆಯೇ ಊಟವಾಯಿತು.

ಕಂಪನಿಗಳು ಇಂಥವನ್ನು ಗುಟ್ಟಾಗಿ ಇಡುವುದಕ್ಕೆ ಮೂರು ಕಾರಣಗಳಿವೆ. ಒಂದು, ಎದುರಾಳಿಗೆ ಸುಳಿವು ಸಿಗಬಾರದು. ಎರಡು, ಹೊಸದು ಬರುತ್ತದೆಂದು ತಿಳಿದರೆ ಗಿರಾಕಿ ಇಂದಿನದನ್ನು ಕೊಳ್ಳುವುದಿಲ್ಲ. 1983ರಲ್ಲಿ ಆಸ್ಬೋರ್ನ್ ಎಂಬ ಕಂಪ್ಯೂಟರ್ ಕಂಪನಿ ದಿವಾಳಿಯಾದದ್ದು, ಮುಂದಿನ ಮಾದರಿಯ ಬಗ್ಗೆ ಅವಸರದಲ್ಲಿ ಬಾಯಿಬಿಟ್ಟದ್ದರಿಂದಲೇ ಎಂದು ಹೇಳುವ ವಾಡಿಕೆಯಿದೆ. ಮೂರು, ಮಾಡಿ ತೋರಿಸುವ ಮೊದಲು ಹೇಳಿಕೊಂಡರೆ, ಆಗದಿದ್ದಾಗ ಮರ್ಯಾದೆ ಹೋಗುತ್ತದೆ.

ಹಾಗಾದರೆ ಗುಸುಗುಸು ಏಕೆ ಹೊರಬರುತ್ತದೆ? ನೂರಾರು ಎಂಜಿನಿಯರುಗಳು ವರ್ಷಗಟ್ಟಲೆ ದುಡಿಯುವ ಕೆಲಸ ಪೂರ್ತಿ ಮುಚ್ಚಿಡುವುದು ಕಷ್ಟ. ಬಿಡಿಭಾಗ ಮಾಡಿಕೊಡುವವರಿಗೆ ಗೊತ್ತಿರುತ್ತದೆ, ಪರೀಕ್ಷೆ ಮಾಡಿ ನೋಡುವ ದೊಡ್ಡ ಗಿರಾಕಿಗಳಿಗೂ ಗೊತ್ತಿರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಎದುರಾಳಿಯ ಯಂತ್ರ ಆಗಲೇ ಮಾರುಕಟ್ಟೆಯಲ್ಲಿದ್ದಾಗ "ಸ್ವಲ್ಪ ಕಾಯಿರಿ, ಇದಕ್ಕಿಂತ ದೊಡ್ಡದು ಬರಲಿದೆ" ಎಂಬ ಗಾಳಿಮಾತು ಹಬ್ಬಿದರೆ ಕೆಲವರು ಕೊಳ್ಳುವುದನ್ನು ಮುಂದೂಡುತ್ತಾರೆ. ಅಂದರೆ ಗುಟ್ಟಿನಿಂದ ಎಷ್ಟು ಲಾಭವೋ ಗುಟ್ಟು ತುಸುವೇ ಸೋರುವುದರಿಂದಲೂ ಅಷ್ಟೇ ಲಾಭ ಇರಬಹುದು. ಆದ್ದರಿಂದ ಸುದ್ದಿ ಕೇಳಿದವರು "ಇದು ನಿಜವೇ?" ಎಂದು ಕೇಳುವುದರ ಜೊತೆಗೆ "ಇದನ್ನು ನಂಬಿದರೆ ಯಾರಿಗೆ ಲಾಭ?" ಎಂದೂ ಕೇಳಬೇಕಾಗುತ್ತದೆ.

92 ಎಂಬ ಅಂಕಿಯನ್ನು ಬಿಡಿಸಿದಾಗ

2004ರ ಮೇ 25ರಂದು ಪರದೆ ಸರಿಯಿತು. ಸಿಸ್ಕೊ ತನ್ನ ಯಂತ್ರವನ್ನು 'ಸಿಆರ್‌ಎಸ್-1' ಎಂಬ ಹೆಸರಿನಲ್ಲಿ ಹೊರತಂದಿತು. ನಾಲ್ಕು ವರ್ಷದ ಕೆಲಸ, ಸುಮಾರು 50 ಕೋಟಿ ಡಾಲರ್ ವೆಚ್ಚ. ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ 92 ಟೆರಾಬಿಟ್ ಎಂದು ಸಾರಲಾಯಿತು. ಒಂದು ಟೆರಾಬಿಟ್ ಎಂದರೆ ಒಂದು ಲಕ್ಷ ಕೋಟಿ ಬಿಟ್. ಅತಿ ಹೆಚ್ಚು ಸಾಮರ್ಥ್ಯದ ರೂಟರ್ ಎಂದು ಗಿನ್ನೆಸ್ ದಾಖಲೆಯ ಪುಸ್ತಕವೂ ಇದನ್ನು ಗುರುತಿಸಿತು.

ಇಂಥ ದೊಡ್ಡ ಅಂಕಿ ಕಂಡಾಗ ಬೆರಗಾಗುವುದು ಸಹಜ. ಆದರೆ ವಿಜ್ಞಾನದ ವಿದ್ಯಾರ್ಥಿ ಬೆರಗಾದ ಮೇಲೆ ಭಾಗಿಸಿಯೂ ನೋಡಬೇಕು. ಸಿಆರ್‌ಎಸ್-1ರ ಒಂದು ಘಟಕ ಆಳೆತ್ತರ ಮೀರುವ ಉಕ್ಕಿನ ಬೀರು. ಅದರಲ್ಲಿ 16 ಕಂಡಿಗಳು. ಒಂದೊಂದು ಕಂಡಿಯಲ್ಲೂ ಸೆಕೆಂಡಿಗೆ 40 ಗಿಗಾಬಿಟ್ ಹೊರುವ ಒಂದೊಂದು ಕಾರ್ಡ್. ಇಂಥ ಬೀರುಗಳನ್ನು ಹೆಚ್ಚೆಂದರೆ 72ರ ತನಕ ಜೋಡಿಸಬಹುದು. ಈಗ ಗುಣಿಸಿ: 72 ಬೀರು, ತಲಾ 16 ಕಂಡಿ, ತಲಾ 40 ಗಿಗಾಬಿಟ್. ಬರುವ ಉತ್ತರ 46,080 ಗಿಗಾಬಿಟ್, ಎಂದರೆ 46 ಟೆರಾಬಿಟ್. ಉಳಿದ ಅರ್ಧ ಎಲ್ಲಿ ಹೋಯಿತು? ಒಳಬರುವ ಸಂಚಾರವನ್ನೂ ಹೊರಹೋಗುವ ಸಂಚಾರವನ್ನೂ ಬೇರೆ ಬೇರೆಯಾಗಿ ಎಣಿಸಿದಾಗ 92,160 ಆಗುತ್ತದೆ. ಒಂದೇ ಗೇಟಿನಲ್ಲಿ ಒಳಹೊಕ್ಕು ಇನ್ನೊಂದು ಗೇಟಿನಲ್ಲಿ ಹೊರಬಿದ್ದ ಬಸ್ಸನ್ನು ಎರಡು ಸಲ ಎಣಿಸಿದಂತೆ. ಇದು ಸುಳ್ಳಲ್ಲ, ಉದ್ಯಮದ ರೂಢಿಯ ಎಣಿಕೆ. ಆದರೆ ಎರಡು ಯಂತ್ರಗಳನ್ನು ಹೋಲಿಸುವಾಗ ಇಬ್ಬರೂ ಒಂದೇ ರೀತಿ ಎಣಿಸಿದ್ದಾರೆಯೇ ಎಂದು ನೋಡದಿದ್ದರೆ ಮೋಸಹೋಗುವುದು ಖಂಡಿತ. 72 ಬೀರು ಎಂಬುದು ವಿನ್ಯಾಸದ ಮಿತಿ ಎಂಬುದೂ ನೆನಪಿರಲಿ. ಕೊಳ್ಳುವವರು ತಮಗೆ ಬೇಕಾದಷ್ಟನ್ನೇ ಕೊಳ್ಳುತ್ತಾರೆ.

ನಿಜವಾದ ಸೋಜಿಗ ಇರುವುದು ಒಂದು ಕಾರ್ಡಿನೊಳಗೆ. ಇಂಟರ್‌ನೆಟ್ಟಿನ ಅತಿ ಚಿಕ್ಕ ಪ್ಯಾಕೆಟ್‌ಗಳ ಅಳತೆ 40 ಬೈಟ್, ಎಂದರೆ 320 ಬಿಟ್. ಸೆಕೆಂಡಿಗೆ 40 ಗಿಗಾಬಿಟ್, ಅಂದರೆ 4000 ಕೋಟಿ ಬಿಟ್ ಬರುತ್ತಿದ್ದರೆ ಎಷ್ಟು ಪ್ಯಾಕೆಟ್ ಬಂದಂತಾಯಿತು? ಹನ್ನೆರಡೂವರೆ ಕೋಟಿ! ಒಂದೊಂದಕ್ಕೂ ಸಿಗುವ ಕಾಲ ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಎಂಟು ಭಾಗ, ಎಂದರೆ 8 ನ್ಯಾನೊಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಕೇವಲ 2.4 ಮೀಟರ್ ಹೋಗಬಲ್ಲದು. ತರಗತಿಯ ಒಂದು ಗೋಡೆಯಿಂದ ಹೊರಟ ಬೆಳಕು ಎದುರಿನ ಗೋಡೆ ಮುಟ್ಟುವ ಮೊದಲೇ ಲಕ್ಷ ದಾರಿಗಳ ಪಟ್ಟಿಯಲ್ಲಿ ಒಂದನ್ನು ಆರಿಸಿ ಆಗಿರಬೇಕು.

ಒಬ್ಬ ಗುಮಾಸ್ತನಿಂದ ಇದು ಸಾಧ್ಯವಿಲ್ಲ. ಆದ್ದರಿಂದ ಒಂದೇ ಚಿಪ್‌ನೊಳಗೆ 188 ಚಿಕ್ಕ ಸಂಸ್ಕಾರಕಗಳನ್ನು ಕೂರಿಸಲಾಯಿತು. ಜಾತ್ರೆಯಲ್ಲಿ ಒಂದೇ ಟಿಕೆಟ್ ಕಿಟಕಿಯ ಬದಲು 188 ಕಿಟಕಿ ತೆರೆದ ಹಾಗೆ. ಈಗ ಪ್ರತಿ ಕಿಟಕಿಗೂ ಒಂದು ಪ್ಯಾಕೆಟ್‌ಗೆ 188ರ 8 ಪಟ್ಟು, ಎಂದರೆ ಸುಮಾರು 1500 ನ್ಯಾನೊಸೆಕೆಂಡ್ ಬಿಡುವು ಸಿಕ್ಕಿತು. ಎಲ್ಲರೂ ಬಲ್ಲ ಕೆಲಸ ಹಂಚಿಕೆಯ ಉಪಾಯವೇ ಇದು; ಅದನ್ನು ಉಗುರಿನಗಲದ ಸಿಲಿಕಾನಿನಲ್ಲಿ ಮಾಡಿ ತೋರಿಸಿದ್ದು ಹೆಚ್ಚುಗಾರಿಕೆ.

ಗೆದ್ದವರು, ಸೋತವರು

ಯಂತ್ರ ಬಂದ ಮಾರನೆಯ ತಿಂಗಳೇ, 2004ರ ಜೂನ್‌ನಲ್ಲಿ, ಇನ್ನೊಂದು ಸುದ್ದಿ ಬಂತು. ಇದೇ ದೈತ್ಯ ರೂಟರ್ ಕನಸು ಹೊತ್ತು 1999ರಲ್ಲಿ ಹುಟ್ಟಿದ್ದ ಪ್ರಾಕೆಟ್ ಎಂಬ ಕಂಪನಿಯ ಆಸ್ತಿಯನ್ನು ಸಿಸ್ಕೊ 8.9 ಕೋಟಿ ಡಾಲರಿಗೆ ಕೊಳ್ಳುವುದೆಂದು ಪ್ರಕಟವಾಯಿತು. ಹೂಡಿಕೆದಾರರು ಅದರಲ್ಲಿ ಹಾಕಿದ್ದ ಹಣ ಅದಕ್ಕಿಂತ ಎಷ್ಟೋ ಹೆಚ್ಚು. ಪ್ರಾಕೆಟ್‌ನವರು ದಡ್ಡರಾಗಿರಲಿಲ್ಲ. ಅವರ ಯಂತ್ರ ಕೆಲಸ ಮಾಡುತ್ತಿತ್ತು, ಆದರೆ ಕೊಳ್ಳುವವರು ಜೇಬು ಮುಚ್ಚಿಕೊಂಡ ಕಾಲದಲ್ಲಿ ಅದು ಮಾರುಕಟ್ಟೆಗೆ ಬಂತು. ತಂತ್ರಜ್ಞಾನದಲ್ಲಿ ಜಾಣತನದಷ್ಟೇ ಹೊತ್ತೂ ಮುಖ್ಯ.

ಗೆದ್ದ ಯಂತ್ರವಾದರೂ ಶಾಶ್ವತವೇ? 2019ರ ಡಿಸೆಂಬರ್‌ನಲ್ಲಿ ಅದೇ ಸಿಸ್ಕೊ, ಮತ್ತೆ ಕೆಲವು ವರ್ಷ ಗುಟ್ಟಾಗಿ ಬೆಳೆಸಿದ ಒಂದು ಚಿಪ್ ತೋರಿಸಿತು. ಸೆಕೆಂಡಿಗೆ 10 ಟೆರಾಬಿಟ್ ಮೀರುವ ಆ ಒಂದೇ ಚಿಪ್, 2004ರ ಇಡೀ ಬೀರುವನ್ನು ಎಷ್ಟೋ ಪಟ್ಟು ಮೀರಿಸಿತ್ತು. ಹದಿನೈದು ವರ್ಷದ ಹಿಂದಿನ ಒಂದು ಬೀರುವಿನ ಕೆಲಸ ಅಂಗೈಯೊಳಗೆ ಅಡಗುವಂತಾಯಿತು.

ಕಿತ್ತೂರಿನ ಧೂಳಿನಲ್ಲಿ

ಇದೆಲ್ಲ ಕಡಲಾಚೆಯ ಕಥೆಯಾಯಿತು. ನಮ್ಮ ನಾಡಿನದೇನು? ಸಿಸ್ಕೊ ಹುಟ್ಟಿದ 1984ರಲ್ಲೇ, ಆಗಸ್ಟ್ ತಿಂಗಳಲ್ಲಿ, ಭಾರತ ಸರಕಾರ ಸಿ-ಡಾಟ್ ಎಂಬ ದೂರಸಂಪರ್ಕ ಸಂಶೋಧನಾ ಕೇಂದ್ರವನ್ನು ಆರಂಭಿಸಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಪ್ರೇರಕ ಶಕ್ತಿ. 36 ತಿಂಗಳು, 36 ಕೋಟಿ ರೂಪಾಯಿ, ಅಷ್ಟರಲ್ಲಿ ಸ್ವದೇಶಿ ಡಿಜಿಟಲ್ ದೂರವಾಣಿ ವಿನಿಮಯ ಕೇಂದ್ರ ತಯಾರಿಸಿ ಕೊಡುತ್ತೇವೆ ಎಂಬುದು ವಚನ. ದೆಹಲಿ ಮತ್ತು ಬೆಂಗಳೂರಿನಲ್ಲಿ ಎಳೆಯ ಎಂಜಿನಿಯರುಗಳು ಕೆಲಸಕ್ಕೆ ಕುಳಿತರು. ಇದು ಆಗುವ ಮಾತಲ್ಲ ಎಂದವರು ಆಗಲೂ ಇದ್ದರು.

ಮೊದಲ ಫಲ ಕಾಣಿಸಿಕೊಂಡದ್ದು ಕರ್ನಾಟಕದಲ್ಲೇ. 1986ರ ಜುಲೈಯಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸಿ-ಡಾಟ್‌ನ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ ಕೆಲಸ ಆರಂಭಿಸಿತು. ಅದರ ಗಾತ್ರ ಬರೀ 128 ಸಂಪರ್ಕ. ವಿದೇಶಿ ದೈತ್ಯ ಯಂತ್ರಗಳ ಮುಂದೆ ಅದೊಂದು ಮರಿ. ಆದರೆ ವಿದೇಶಿ ಯಂತ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು, ಇದಕ್ಕೆ ಬೇಕಿರಲಿಲ್ಲ. ಬಿಸಿಲು, ಧೂಳು, ಆಗಾಗ ಕೈಕೊಡುವ ವಿದ್ಯುತ್ತು ಇವನ್ನೆಲ್ಲ ತಾಳಿಕೊಳ್ಳಲೆಂದೇ ಅದನ್ನು ರೂಪಿಸಲಾಗಿತ್ತು. ದೊಡ್ಡ ನಗರಗಳ ವಿನಿಮಯ ಕೇಂದ್ರ ಹೇಳಿದ ಅವಧಿಗೆ ಮುಗಿಯಲಿಲ್ಲ, ಟೀಕೆಯೂ ಬಂತು. ಆದರೂ ಹಳ್ಳಿಯ ಆ ಮರಿಯಂತ್ರದ ಸಂತತಿ ದೇಶದ ಉದ್ದಗಲಕ್ಕೆ ಹರಡಿತು. ನಂತರದ ವರ್ಷಗಳಲ್ಲಿ ಹಳ್ಳಿಹಳ್ಳಿಯ ಹಳದಿ ಫಲಕದ ಎಸ್‌ಟಿಡಿ ಬೂತುಗಳಿಗೆ ಜೀವ ಬರುವುದರಲ್ಲಿ ಇಂಥ ಯಂತ್ರಗಳ ಪಾತ್ರ ದೊಡ್ಡದು.

ದೂರವಾಣಿ ಯಂತ್ರದಲ್ಲಿ ಸಾಧಿಸಿದ್ದನ್ನು ರೂಟರಿನಲ್ಲೂ ಸಾಧಿಸಬೇಕೆಂಬ ಒತ್ತಾಸೆಗೆ ಇನ್ನೊಂದು ಕಾರಣ ಒದಗಿತು. ಅಮೆರಿಕದ ಬೇಹುಗಾರಿಕೆ ಸಂಸ್ಥೆ, ಗಿರಾಕಿಗೆ ರವಾನೆಯಾಗುತ್ತಿದ್ದ ರೂಟರುಗಳ ಪೆಟ್ಟಿಗೆಯನ್ನು ದಾರಿಯಲ್ಲೇ ತೆರೆದು, ಕದ್ದು ಕೇಳುವ ಉಪಕರಣ ಸೇರಿಸಿ ಮತ್ತೆ ಮುಚ್ಚುತ್ತಿತ್ತು ಎಂಬುದನ್ನು 2014ರಲ್ಲಿ ಬಹಿರಂಗವಾದ ದಾಖಲೆಗಳು ತೋರಿಸಿದವು. ತಯಾರಿಸಿದ ಕಂಪನಿ ಇದಕ್ಕೆ ಪ್ರತಿಭಟಿಸಿತು. ಆದರೆ ಎಲ್ಲ ದೇಶಗಳಿಗೂ ಒಂದು ಮಾತು ಸ್ಪಷ್ಟವಾಯಿತು: ಸಂಗಮದಲ್ಲಿ ಕೂತ ಯಂತ್ರ ಯಾರದೋ, ಹರಿಯುವುದರ ಮೇಲೆ ಕಣ್ಣಿಡುವ ಅವಕಾಶವೂ ಅವರದೇ. ಭಾರತ 2021ರ ಜೂನ್ 15ರಿಂದ, ದೂರಸಂಪರ್ಕ ಜಾಲಗಳಿಗೆ ಜೋಡಿಸುವ ಹೊಸ ಉಪಕರಣಗಳು ನಂಬಿಕಸ್ಥ ಮೂಲದಿಂದಲೇ ಬರಬೇಕೆಂಬ ನಿಯಮ ಜಾರಿಗೊಳಿಸಿತು.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಒಂದು ಸುದ್ದಿ ಬಂತು. ಅಲ್ಲಿನ ನಿವೆಟ್ಟಿ ಎಂಬ ಕಂಪನಿ, ದೂರಸಂಪರ್ಕ ಇಲಾಖೆ ಮತ್ತು ಸಿ-ಡಾಟ್ ಜೊತೆಗೂಡಿ ದೇಶದಲ್ಲೇ ರೂಪಿಸಿದ, ಸೆಕೆಂಡಿಗೆ 2.4 ಟೆರಾಬಿಟ್ ಸಾಮರ್ಥ್ಯದ ರೂಟರನ್ನು ಆಗಿನ ಸಂಪರ್ಕ ಸಚಿವ ಅಶ್ವಿನಿ ವೈಷ್ಣವ್ ಬಿಡುಗಡೆ ಮಾಡಿದರು. ಜಗತ್ತಿನ ಅತಿ ದೊಡ್ಡ ಯಂತ್ರಗಳ ಪಕ್ಕದಲ್ಲಿ ಇದು ಚಿಕ್ಕದೇ. ಆದರೆ ಕಿತ್ತೂರಿನ 128 ಸಂಪರ್ಕಗಳೂ ಚಿಕ್ಕವೇ ಆಗಿದ್ದವು. ಮೊದಲ ಮೆಟ್ಟಿಲಿನ ಎತ್ತರಕ್ಕಿಂತ ಅದು ಎರಡನೆಯ ಮೆಟ್ಟಿಲಿಗೆ ಒಯ್ಯುತ್ತದೆಯೇ ಎಂಬುದು ಮುಖ್ಯ.

ಒಂಟಿ ದಾರವೋ, ಬಳೆಯೋ?

ಈಗ ಆಳಂದ, ಅಫಜಲಪುರ, ಜೇವರ್ಗಿಯ ಮಾತಿಗೆ ಬರೋಣ. ನಗರದಲ್ಲಿ ಎಂಥ ದೈತ್ಯ ರೂಟರ್ ಇದ್ದರೂ ಊರಿಗೆ ಬರುವ ಕೊನೆಯ ಗಾಜಿನೆಳೆ ತುಂಡಾಗಿದ್ದರೆ ಊರಿನ ಪಾಲಿಗೆ ಅದು ಇದ್ದೂ ಇಲ್ಲದಂತೆ. ಭೀಮೆ ತುಂಬಿ ಹರಿದರೂ ಕಾಲುವೆ ಒಡೆದ ಹೊಲಕ್ಕೆ ನೀರಿಲ್ಲ.

ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯ ಕೇಬಲ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರ ಅಕ್ಟೋಬರ್‌ನಲ್ಲಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಪ್ರತಿ ಪಂಚಾಯಿತಿಗೆ ಸೆಕೆಂಡಿಗೆ 100 ಮೆಗಾಬಿಟ್ ಮುಟ್ಟಿಸುವುದು ಮೊದಲ ಗುರಿ. ಮೊದಲ ವಿನ್ಯಾಸದಲ್ಲಿ ತಾಲ್ಲೂಕು ಕೇಂದ್ರದಿಂದ ಪಂಚಾಯಿತಿಗೆ ಒಂದೇ ಕೇಬಲ್, ಬಾವಿಗೆ ಇಳಿಬಿಟ್ಟ ಹಗ್ಗದಂತೆ. ರಸ್ತೆ ಅಗಲ ಮಾಡುವ ಅಥವಾ ನೀರಿನ ಕೊಳವೆ ಹೂಳುವ ಜೆಸಿಬಿಯ ಹಲ್ಲು ಒಮ್ಮೆ ತಗುಲಿದರೆ ಮುಗಿಯಿತು. ಅಲ್ಲಿಂದ ಮುಂದಿನ ಊರುಗಳೆಲ್ಲ ಕತ್ತಲು.

2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 1,39,579 ಕೋಟಿ ರೂಪಾಯಿ ವೆಚ್ಚದ ತಿದ್ದುಪಡಿ ಯೋಜನೆಗೆ ಒಪ್ಪಿಗೆ ನೀಡಿತು. ಅದರ ಮುಖ್ಯ ಬದಲಾವಣೆ ಎರಡು. ಒಂದು, ಒಂಟಿ ದಾರದ ಬದಲು ಬಳೆಯಾಕಾರದ ಜಾಲ. ತಾಲ್ಲೂಕು ಕೇಂದ್ರದಿಂದ ಹೊರಟ ಕೇಬಲ್ ಹಲವು ಪಂಚಾಯಿತಿ ಸುತ್ತಿ ಮತ್ತೆ ಕೇಂದ್ರಕ್ಕೇ ಬರುತ್ತದೆ. ಎರಡು, ತಾಲ್ಲೂಕು ಮಟ್ಟದಲ್ಲೂ ಪಂಚಾಯಿತಿಯಲ್ಲೂ ರೂಟರ್. ಬಳೆ ಒಂದು ಕಡೆ ತುಂಡಾದರೆ ರೂಟರ್ ಅದನ್ನು ಅರಿತು ಪ್ಯಾಕೆಟ್‌ಗಳನ್ನು ಇನ್ನೊಂದು ದಿಕ್ಕಿನಿಂದ ಕಳುಹಿಸುತ್ತದೆ. ಸೇತುವೆ ಮುಳುಗಿದಾಗ ಬಸ್ಸು ಸುತ್ತು ದಾರಿ ಹಿಡಿದು ಊರು ಸೇರುವ ಹಾಗೆ. ದೈತ್ಯ ರೂಟರ್‌ಗಳ ಗುಟ್ಟಿನ ಕಾರ್ಖಾನೆಗಳಲ್ಲಿ ಬೆಳೆದ ಜಾಣ್ಮೆ ಹಳ್ಳಿಗೆ ಇಳಿಯಬೇಕಾದ ದಾರಿ ಇದೇ.

ಕಾಗದದ ಮೇಲಿನ ಬಳೆ ನೆಲದಲ್ಲೂ ಬಳೆಯಾಗಬೇಕು ತಾನೆ? ಆದ್ದರಿಂದ ಪೋಷಕರು ಗ್ರಾಮಸಭೆಯಲ್ಲಿ ಕೇಳಬಹುದಾದ ಸರಳ ಪ್ರಶ್ನೆಗಳಿವೆ. ನಮ್ಮ ಪಂಚಾಯಿತಿಗೆ ಕೇಬಲ್ ಬರುವ ದಾರಿ ಒಂದೋ ಎರಡೋ? ಕರೆಂಟು ಹೋದಾಗ ಪೆಟ್ಟಿಗೆಗೆ ಬ್ಯಾಟರಿಯ ಆಸರೆ ಇದೆಯೇ? ಪಂಚಾಯಿತಿ ಕಟ್ಟಡಕ್ಕೆ ಬಂದ ಸಂಪರ್ಕ ಶಾಲೆಗೂ ಗ್ರಂಥಾಲಯಕ್ಕೂ ಮುಟ್ಟಿದೆಯೇ? ಟೆರಾಬಿಟ್ ಪದ ಗೊತ್ತಿಲ್ಲದವರೂ ಈ ಪ್ರಶ್ನೆ ಕೇಳಬಹುದು. ಉತ್ತರ ಹೇಳಬೇಕಾದವರು ಉತ್ತರ ತಿಳಿದಿರಲೇಬೇಕು.

ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ

ಗುಟ್ಟಿನ ಯಂತ್ರಗಳ ಸುದ್ದಿ ಇನ್ನು ಮುಂದೆಯೂ ಬರುತ್ತಿರುತ್ತದೆ. ರೂಟರಿನ ಜಾಗದಲ್ಲಿ ಕೃತಕ ಬುದ್ಧಿಮತ್ತೆಯ ಚಿಪ್ ಇರಬಹುದು, ಕ್ವಾಂಟಂ ಕಂಪ್ಯೂಟರ್ ಇರಬಹುದು. ಆಗ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಹೇಳಿದ ಅಂಕಿ ಏನನ್ನು ಎಣಿಸುತ್ತಿದೆ? ಈ ಸುದ್ದಿ ಹಬ್ಬಿದರೆ ಲಾಭ ಯಾರಿಗೆ? ಇದು ನಿಜವೋ ಸುಳ್ಳೋ ಎಂಬುದನ್ನು ಯಾವಾಗ, ಹೇಗೆ ಅಳೆಯಬಹುದು? ಮೂರಕ್ಕೂ ಉತ್ತರ ಸಿಗದ ಸುದ್ದಿಯನ್ನು ಅಲ್ಲಗಳೆಯಬೇಕಾಗಿಲ್ಲ, ಪಕ್ಕಕ್ಕಿಟ್ಟು ಕಾಯಬೇಕು. ಅದನ್ನು ನಂಬಿ ಹಣ ಹಾಕುವುದಾಗಲಿ, ಮಗನ ಇಲ್ಲವೆ ಮಗಳ ಓದಿನ ದಾರಿ ಬದಲಿಸುವುದಾಗಲಿ ಸಲ್ಲದು.

ಓದಿನ ದಾರಿಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಇಂಥ ಯಂತ್ರ ಕಟ್ಟುವವರು ಬೇರೆ ಲೋಕದವರೆಂದು ಭಾವಿಸಬೇಕಾಗಿಲ್ಲ. ಪ್ಯಾಕೆಟ್ ಎಣಿಸಲು ಬೇಕಾದದ್ದು ಗುಣಾಕಾರ ಭಾಗಾಕಾರ. ಎಂಟು ನ್ಯಾನೊಸೆಕೆಂಡಿನ ಅರ್ಥ ತಿಳಿಯಲು ಬೇಕಾದದ್ದು ಬೆಳಕಿನ ವೇಗದ ಪಾಠ. ಗಾಜಿನೆಳೆಯೊಳಗೆ ಬೆಳಕು ಹೊರಗೆ ಸೋರದೆ ಸಾಗುವುದೇಕೆಂದು ತಿಳಿಯಲು ಬೇಕಾದದ್ದು ಪೂರ್ಣ ಆಂತರಿಕ ಪ್ರತಿಫಲನದ ಪಾಠ. ಇವೆಲ್ಲ ಸರಕಾರಿ ಶಾಲೆ, ಕಾಲೇಜುಗಳ ಪುಸ್ತಕಗಳಲ್ಲೇ ಇವೆ, ಕನ್ನಡದಲ್ಲೂ ಇವೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯೆಂದು ಬಾಯಿಪಾಠ ಮಾಡಿ ಬಿಟ್ಟ ಆ ಚಿತ್ರವೇ ತೊಗರಿ ಹೊಲದ ಬದುವಿನಡಿ ಹೂತ ಕೇಬಲ್ಲಿನಲ್ಲಿ ಹಗಲಿರುಳು ಕೆಲಸ ಮಾಡುತ್ತಿದೆ. ಪುಸ್ತಕದ ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಅಲ್ಲಿ ಯಾವ ಗುಟ್ಟೂ ಇಲ್ಲ.